ಹೊಸ ಸೈಕಲ್ಲಿನ ಗಾಲಿ: ಏರುವ ಮುನ್ನ ಅರ್ಧ ಗಂಟೆ

ಅಂಗಡಿಯಿಂದ ಮನೆಗೆ ಬಂದ ಹೊಸ ಸೈಕಲ್ಲಿಗೆ ಮೊದಲು ಆಗುವುದು ಪೂಜೆ. ಹ್ಯಾಂಡಲ್ಲಿಗೆ ಹೂವಿನ ಹಾರ, ಮಡ್‌ಗಾರ್ಡಿಗೆ ಕುಂಕುಮ, ಗಾಲಿಯ ಕೆಳಗೆ ನಿಂಬೆಹಣ್ಣು. ಅದು ಮುಗಿದ ಮರುಕ್ಷಣವೇ ಸವಾರಿ. ಈ ಎರಡರ ನಡುವೆ ಮಾಡಬೇಕಾದ ಇನ್ನೊಂದು ಕೆಲಸವಿದೆ. ಅದಕ್ಕೆ ಅರ್ಧ ಗಂಟೆ ಸಾಕು. ಬೇಕಾಗುವ ಸಾಮಾನು ಒಂದು ಸುಣ್ಣದ ಕಡ್ಡಿ, ಒಂದು ಪಾನಾ, ಒಂದು ಹಳೆಯ ಬಟ್ಟೆ ಮತ್ತು ನಿಮ್ಮ ಎರಡು ಕೈ, ಎರಡು ಕಿವಿ. ಹೊಸ ಗಾಲಿಗಳನ್ನು ಪರೀಕ್ಷಿಸಿ ಸವಾರಿಗೆ ಸಿದ್ಧಗೊಳಿಸುವುದೇ ಆ ಕೆಲಸ.

‘ಹೊಸ ಸೈಕಲ್ಲಿಗೆ ಏನು ಪರೀಕ್ಷೆ? ಕಾರ್ಖಾನೆಯಲ್ಲೇ ಎಲ್ಲ ಮಾಡಿ ಕಳಿಸಿರುತ್ತಾರಲ್ಲ?’ ಎಂದು ನೀವು ಕೇಳಬಹುದು. ಸೈಕಲ್ಲಿನ ಗಾಲಿ ಕಾರ್ಖಾನೆಯಲ್ಲಿ ಪೂರ್ತಿಯಾಗಿ ಮುಗಿಯುವ ವಸ್ತುವಲ್ಲ. ಅದು ಕೊನೆಯದಾಗಿ ಹದಗೊಳ್ಳುವುದು ಮೊದಲ ಕೆಲವು ದಿನಗಳ ಸವಾರಿಯಲ್ಲಿ. ಏಕೆ ಹೀಗೆ ಎಂಬುದನ್ನು ತಿಳಿದರೆ ಪರೀಕ್ಷೆಯ ಒಂದೊಂದು ಹಂತವೂ ತಾನಾಗಿಯೇ ಅರ್ಥವಾಗುತ್ತದೆ.

ಶಾಲೆಯ ದಾರಿಯ ಸೈಕಲ್

ಹಾವೇರಿ ಜಿಲ್ಲೆಯ ಮಾಸೂರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಸರ್ವಜ್ಞನ ಹೆಸರಿನೊಂದಿಗೆ ಬೆಸೆದುಕೊಂಡಿರುವ, ಕುಮುದ್ವತಿ ಹೊಳೆಯ ಸೀಮೆಯ ಈ ಊರು ಬಯಲು ಮುಗಿದು ಮಲೆನಾಡು ಆರಂಭವಾಗುವ ಅಂಚಿನಲ್ಲಿದೆ. ಇಂಥ ಊರುಗಳ ಪ್ರೌಢಶಾಲೆಗೆ ಸುತ್ತಲ ಸಣ್ಣ ಹಳ್ಳಿಗಳಿಂದ ಮಕ್ಕಳು ಬರಬೇಕು. ಬಸ್ಸಿನ ವೇಳೆ ಶಾಲೆಯ ಗಂಟೆಗೆ ಹೊಂದದಿದ್ದರೆ ಉಳಿಯುವುದು ನಡಿಗೆ, ಇಲ್ಲವೇ ಸೈಕಲ್.

2006-07ರ ಶೈಕ್ಷಣಿಕ ವರ್ಷದಲ್ಲಿ ಕರ್ನಾಟಕ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. 2020ರಲ್ಲಿ ಕೋವಿಡ್ ಬಂದಾಗ ವಿತರಣೆ ನಿಂತಿತಾದರೂ, ಅಲ್ಲಿಯವರೆಗೆ ರಾಜ್ಯದ ಹಳ್ಳಿಹಳ್ಳಿಯಲ್ಲೂ ಜೂನ್ ತಿಂಗಳ ನಂತರ ಹೊಸ ಸೈಕಲ್ಲುಗಳ ಸಾಲು ಕಾಣುತ್ತಿತ್ತು. ಹೀಗೆ ಶಾಲೆಗೆ ಬರುವ ಸೈಕಲ್ಲಾಗಲಿ, ಪೇಟೆಯ ಅಂಗಡಿಗೆ ಬರುವ ಸೈಕಲ್ಲಾಗಲಿ, ಬರುವುದು ಬಿಡಿಬಿಡಿಯಾಗಿ. ಚೌಕಟ್ಟು ಬೇರೆ, ಗಾಲಿ ಬೇರೆ, ಹ್ಯಾಂಡಲ್ ಬೇರೆ. ಒಂದೇ ಸಲಕ್ಕೆ ಹತ್ತಾರು ಸೈಕಲ್ ಜೋಡಿಸುವ ಕೈಗಳು ಪ್ರತಿ ಗಾಲಿಯ ಪ್ರತಿ ಕಡ್ಡಿಯನ್ನೂ ಮುಟ್ಟಿ ನೋಡುವುದು ಕಷ್ಟ. ಹಾಗಾಗಿ ಕೊನೆಯ ಪರೀಕ್ಷೆ ಸವಾರನ ಪಾಲಿಗೇ ಉಳಿಯುತ್ತದೆ.

ಇದನ್ನು ಹಗುರವಾಗಿ ಕಾಣುವಂತಿಲ್ಲ. ಹಿಂದಿನ ಕ್ಯಾರಿಯರಿನ ಮೇಲೆ ತಂಗಿ ಕುಳಿತಿರುತ್ತಾಳೆ. ಸುಗ್ಗಿಯ ದಿನಗಳಲ್ಲಿ ಅರ್ಧ ರಸ್ತೆಯ ಮೇಲೆ ಗೋವಿನಜೋಳ ಒಣಗುತ್ತಿರುತ್ತದೆ. ಉಳಿದ ಅರ್ಧದಲ್ಲಿ ಟ್ರ್ಯಾಕ್ಟರ್ ಬರುತ್ತದೆ. ಆಗ ಮುಂದಿನ ಗಾಲಿ ಹೇಳಿದ ಕಡೆ ಹೋಗಲೇಬೇಕು, ಬ್ರೇಕು ಹಿಡಿದಾಗ ನಿಲ್ಲಲೇಬೇಕು. ಇನ್ನೊಂದು ಮಾತೂ ಇದೆ. ಮೂರು ತಿಂಗಳಲ್ಲಿ ಗಾಲಿ ಸೊಟ್ಟಗಾಗಿ ಗೋಡೆಗೆ ಒರಗಿ ನಿಂತ ಸೈಕಲ್ ಎಂದರೆ ತಪ್ಪಿಹೋದ ತರಗತಿಗಳ ಲೆಕ್ಕವೇ ಸರಿ.

ಚಕ್ಕಡಿಯ ಗಾಲಿ, ಸೈಕಲ್ಲಿನ ಗಾಲಿ

ಚಕ್ಕಡಿಯ ಮರದ ಗಾಲಿಯನ್ನು ನೆನಪಿಸಿಕೊಳ್ಳಿ. ನಡುವೆ ದಪ್ಪನೆಯ ಗುಂಬ, ಅದರಿಂದ ಹೊರಟ ದಪ್ಪ ಅರಗಳು, ಸುತ್ತ ಮರದ ಬಳೆ, ಅದರ ಮೇಲೆ ಕಬ್ಬಿಣದ ಪಟ್ಟಿ. ಚಕ್ಕಡಿಯ ಭಾರ ಅಚ್ಚಿನಿಂದ ಗುಂಬಕ್ಕೆ, ಗುಂಬದಿಂದ ಕೆಳಗಿನ ಅರಕ್ಕೆ ಇಳಿಯುತ್ತದೆ. ಮನೆಯ ಕಂಬ ತೊಲೆಯನ್ನು ಹೊತ್ತಂತೆ ಆ ಅರ ಭಾರವನ್ನು ಹೊರುತ್ತದೆ. ಅಂದರೆ ಅರ ಒತ್ತಡಕ್ಕೆ ಒಳಗಾಗುತ್ತದೆ.

ಈಗ ಸೈಕಲ್ಲಿನ ಒಂದು ಕಡ್ಡಿಯನ್ನು ಕೈಯಲ್ಲಿ ಹಿಡಿದು ನೆಲಕ್ಕೆ ಒತ್ತಿ ನೋಡಿ. ಸುಮಾರು 30 ಸೆಂಟಿಮೀಟರು ಉದ್ದ, 2 ಮಿಲಿಮೀಟರು ದಪ್ಪದ ಈ ಉಕ್ಕಿನ ತಂತಿ ಕೂಡಲೇ ಬಾಗುತ್ತದೆ. ಇದು ಒಬ್ಬ ಮನುಷ್ಯನ ಭಾರವನ್ನು ಕಂಬದಂತೆ ಹೊರುವುದು ಸಾಧ್ಯವೇ ಇಲ್ಲ. ಆದರೆ ಇದೇ ತಂತಿಯನ್ನು ಎಳೆದು ನೋಡಿ: ಎಷ್ಟು ಎಳೆದರೂ ಜಗ್ಗುವುದಿಲ್ಲ. ಈ ಗುಣವನ್ನೇ ಸೈಕಲ್ಲಿನ ಗಾಲಿ ಬಳಸಿಕೊಳ್ಳುತ್ತದೆ. ಹಬ್ಬಿನಿಂದ ರಿಮ್ಮಿಗೆ ಹೋದ ಪ್ರತಿ ಕಡ್ಡಿಯನ್ನೂ ನಿಪ್ಪಲ್ ತಿರುಗಿಸಿ ಮೊದಲೇ ಬಿಗಿಯಾಗಿ ಎಳೆದಿಟ್ಟಿರುತ್ತಾರೆ. ಎಲ್ಲ ಕಡೆಯಿಂದಲೂ ಸಮನಾಗಿ ಎಳೆಯಲ್ಪಟ್ಟ ಹಬ್ಬು ನಡುವೆ ತೂಗಿ ನಿಲ್ಲುತ್ತದೆ.

ಸವಾರ ಕುಳಿತಾಗ ಏನಾಗುತ್ತದೆ? ಮೇಲಿನ ಕಡ್ಡಿಗಳ ಬಿಗಿ ಬಹಳ ಹೆಚ್ಚುತ್ತದೆ ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ನಿಜಕ್ಕೂ ಆಗುವುದು ಬೇರೆ. ನೆಲ ತಾಗಿರುವ ಕಡೆಯ ಕೆಲವೇ ಕಡ್ಡಿಗಳ ಬಿಗಿ ಕಡಿಮೆಯಾಗುತ್ತದೆ. ಉಳಿದವುಗಳಲ್ಲಿ ಅಷ್ಟಾಗಿ ವ್ಯತ್ಯಾಸ ಕಾಣುವುದಿಲ್ಲ. ಗಾಲಿಯ ಮೇಲೆ ಬಿದ್ದ ಭಾರ ಎಷ್ಟೋ, ತಳದ ಕಡ್ಡಿಗಳ ಒಟ್ಟು ಎಳೆತದಲ್ಲಿ ಸುಮಾರು ಅಷ್ಟೇ ಇಳಿಕೆ.

ಇದನ್ನು ನೀವೇ ಪರೀಕ್ಷಿಸಬಹುದು. ಗೆಳೆಯನೊಬ್ಬ ಗೋಡೆ ಹಿಡಿದು ಸೀಟಿನ ಮೇಲೆ ಕುಳಿತುಕೊಳ್ಳಲಿ. ಹಿಂದಿನ ಗಾಲಿಯ ತಳದ ಕಡ್ಡಿಯನ್ನು ಬೆರಳಿನಿಂದ ಮೀಟಿ ಸ್ವರ ಕೇಳಿ. ಅವನು ಇಳಿದ ಮೇಲೆ ಅದೇ ಕಡ್ಡಿಯನ್ನು ಮತ್ತೆ ಮೀಟಿ. ಅವನು ಕುಳಿತಾಗ ಸ್ವರ ತಗ್ಗಿರುತ್ತದೆ. ಮೇಲಿನ ಕಡ್ಡಿಯ ಸ್ವರ ಎರಡೂ ಸಲ ಹೆಚ್ಚುಕಡಿಮೆ ಒಂದೇ. ಭೌತಶಾಸ್ತ್ರದ ಒಂದು ಪಾಠವೇ ಇಲ್ಲಿ ಕಿವಿಗೆ ಕೇಳುತ್ತದೆ.

ಈ ಎಳೆತದ ಗಾಲಿಯ ಕಲ್ಪನೆಯನ್ನು ಇಂಗ್ಲೆಂಡಿನ ಜಾರ್ಜ್ ಕೇಲಿ 1808ರಲ್ಲಿಯೇ ಬರೆದಿಟ್ಟಿದ್ದ. ಸೈಕಲ್ಲಿಗೆ ತಂತಿಯ ಗಾಲಿಯ ಪೇಟೆಂಟು ಪಡೆದವನು 1869ರಲ್ಲಿ ಪ್ಯಾರಿಸ್ಸಿನ ಯೂಜೀನ್ ಮೇಯರ್. ಕಡ್ಡಿಗಳನ್ನು ಹಬ್ಬಿನಿಂದ ನೇರವಾಗಿ ಹೊರಡಿಸದೆ, ಅಂಚಿಗೆ ಓರೆಯಾಗಿ, ಒಂದನ್ನೊಂದು ದಾಟುವಂತೆ ಹೆಣೆಯುವ ವಿಧಾನಕ್ಕೆ 1874ರಲ್ಲಿ ಜೇಮ್ಸ್ ಸ್ಟಾರ್ಲಿ ಪೇಟೆಂಟು ಪಡೆದ. ಚೈನು ಹಬ್ಬನ್ನು ತಿರುಗಿಸಿದಾಗ ಆ ಬಲ ರಿಮ್ಮಿಗೆ ತಲುಪುವುದು ಈ ಓರೆ ಹೆಣಿಗೆಯಿಂದ. ಇಂದು ನಮ್ಮ ಊರ ಸೈಕಲ್ಲಿನಲ್ಲಿ ಕಾಣುವುದೂ ಅದೇ ಹೆಣಿಗೆ. ದೊಡ್ಡ 28 ಇಂಚಿನ ಸೈಕಲ್ಲಿನ ಮುಂದಿನ ಗಾಲಿಗೆ 32, ಹೆಚ್ಚು ಭಾರ ಹೊರುವ ಹಿಂದಿನ ಗಾಲಿಗೆ 40 ಕಡ್ಡಿಗಳಿರುವುದು ರೂಢಿ. ಇತ್ತೀಚಿನ ದಪ್ಪ ಟೈರಿನ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಎರಡಕ್ಕೂ 36.

ಮಿಲಿಮೀಟರಿನ ಮೂರನೆಯ ಒಂದು ಪಾಲು

ಈಗ ಒಂದು ಸಣ್ಣ ಲೆಕ್ಕ. ಒಂದು ಕಡ್ಡಿಯ ಬಿಗಿ 60 ಕಿಲೋಗ್ರಾಂ ತೂಕ ನೇತುಹಾಕಿದಷ್ಟು ಎಂದಿಟ್ಟುಕೊಳ್ಳೋಣ. ಹಾಗಾದರೆ 32 ಕಡ್ಡಿಗಳ ಎಳೆತವನ್ನು ಕೂಡಿಸಿದರೆ ಸುಮಾರು 1,900 ಕಿಲೋಗ್ರಾಂ. ಎರಡು ಟನ್ನಿಗೆ ಹತ್ತಿರದ ಎಳೆತ ಈ ಹಗುರವಾದ ಗಾಲಿಯೊಳಗೆ ಸದ್ದಿಲ್ಲದೆ ಅಡಗಿದೆ.

ಇಷ್ಟು ಬಿಗಿಗೆ ಒಂದು ಕಡ್ಡಿ ಎಷ್ಟು ಉದ್ದವಾಗುತ್ತದೆ? ಉಕ್ಕಿನ ಸ್ಥಿತಿಸ್ಥಾಪಕ ಗುಣಾಂಕ ತಿಳಿದ ಪಿಯುಸಿ ವಿದ್ಯಾರ್ಥಿಗಳು ಇದನ್ನು ಲೆಕ್ಕ ಹಾಕಬಲ್ಲರು. ಉತ್ತರ ಸುಮಾರು 0.3 ಮಿಲಿಮೀಟರು. ಮಿಲಿಮೀಟರಿನ ಮೂರನೆಯ ಒಂದು ಪಾಲಿಗಿಂತ ಹೆಚ್ಚಿಲ್ಲ! ಗಾಲಿಯ ಶಕ್ತಿಯೆಲ್ಲ ನಿಂತಿರುವುದು ಕೂದಲೆಳೆಯಂಥ ಈ ಹಿಗ್ಗುವಿಕೆಯ ಮೇಲೆ.

ಹೊಸ ಗಾಲಿಯ ತೊಡಕೂ ಇಲ್ಲಿಯೇ ಇದೆ. ಹೊಸ ಕಡ್ಡಿಯ ಬಾಗಿದ ತಲೆ ಹಬ್ಬಿನ ತೂತಿನಲ್ಲಿ ಇನ್ನೂ ಪೂರ್ತಿ ಕುಳಿತಿರುವುದಿಲ್ಲ. ನಿಪ್ಪಲಿನ ತಲೆ ರಿಮ್ಮಿನ ತೂತಿಗೆ ಇನ್ನೂ ಒತ್ತಿ ಹೊಂದಿಕೊಂಡಿರುವುದಿಲ್ಲ. ಕಡ್ಡಿ ಕಡ್ಡಿಯನ್ನು ದಾಟುವಲ್ಲಿ ಎರಡೂ ಸ್ವಲ್ಪ ಬಾಗಿ ಒಗ್ಗಬೇಕಾಗಿರುತ್ತದೆ. ಇದರ ಜೊತೆಗೆ, ನಿಪ್ಪಲ್ ತಿರುಗಿಸುವಾಗ ಕಡ್ಡಿಯೂ ಹಗ್ಗದಂತೆ ಸ್ವಲ್ಪ ಹುರಿಗೊಂಡಿರುತ್ತದೆ. ಸವಾರ ಹತ್ತಿ ತಳದ ಕಡ್ಡಿಯ ಬಿಗಿ ಇಳಿದೊಡನೆ ಆ ಹುರಿ ಬಿಚ್ಚಿಕೊಳ್ಳುತ್ತದೆ. ಹೊಸ ಸೈಕಲ್ಲಿನ ಮೊದಲ ಸವಾರಿಯಲ್ಲಿ ‘ಟಿಣ್, ಟಿಣ್’ ಎಂಬ ಸದ್ದು ಕೇಳುವುದು ಇದರಿಂದಲೇ.

ಇವೆಲ್ಲ ಸೇರಿ ಕಡ್ಡಿಗೆ 0.1 ಮಿಲಿಮೀಟರು ಸಡಿಲ ದೊರೆಯಿತೆನ್ನಿ. ಬೇರೆ ಯಂತ್ರದಲ್ಲಿ ಇದು ಲೆಕ್ಕಕ್ಕೇ ಬಾರದ ಅಂತರ. ಆದರೆ ಇಲ್ಲಿ ಒಟ್ಟು ಹಿಗ್ಗುವಿಕೆಯೇ 0.3 ಮಿಲಿಮೀಟರು. ಸ್ಥೂಲವಾಗಿ ಹೇಳುವುದಾದರೆ ಬಿಗಿಯ ಮೂರನೆಯ ಒಂದು ಭಾಗ ಹೋಯಿತು! ಅದಕ್ಕೇ ಹೊಸ ಗಾಲಿಯನ್ನು ಒಮ್ಮೆ ಏರುವ ಮುನ್ನ, ಇನ್ನೊಮ್ಮೆ ಏರಿದ ಕೆಲವು ದಿನಗಳ ನಂತರ ನೋಡಬೇಕು.

ಚಕ್ಕಡಿಯ ಗಾಲಿಗೂ ಇಂಥದೇ ಕಷ್ಟವಿತ್ತು. ಬೇಸಿಗೆಯಲ್ಲಿ ಮರ ಒಣಗಿ ಕುಗ್ಗಿದರೆ ಕಬ್ಬಿಣದ ಪಟ್ಟಿ ಸಡಿಲವಾಗುತ್ತಿತ್ತು. ರೈತರು ಗಾಲಿಯನ್ನು ನೀರಿನಲ್ಲಿ ನೆನೆಹಾಕಿ ಮರ ಉಬ್ಬುವಂತೆ ಮಾಡಿ ಬಿಗಿಯನ್ನು ಮರಳಿ ಪಡೆಯುತ್ತಿದ್ದರು. ಗಾಲಿಯ ಬಿಗಿಯನ್ನು ಕಾಯ್ದುಕೊಳ್ಳಬೇಕೆಂಬುದು ನಮ್ಮ ಹಿರಿಯರಿಗೆ ತಿಳಿದಿದ್ದ ವಿಚಾರವೇ.

ಬಿಗಿ ಕಳೆದುಕೊಂಡ ಗಾಲಿಗೆ ಏನಾಗುತ್ತದೆ? ಸಡಿಲ ಕಡ್ಡಿ ಪ್ರತಿ ಸುತ್ತಿನಲ್ಲೂ ತಳಕ್ಕೆ ಬಂದಾಗ ಪೂರ್ತಿ ಜೋಲುತ್ತದೆ, ಮೇಲೆ ಹೋದಾಗ ಮತ್ತೆ ಎಳೆಯಲ್ಪಡುತ್ತದೆ. 28 ಇಂಚಿನ ಗಾಲಿ ಒಂದು ಸುತ್ತಿಗೆ ಸುಮಾರು 2.2 ಮೀಟರು ಸಾಗುತ್ತದೆ. ಒಂದು ಕಿಲೋಮೀಟರಿಗೆ ಸುಮಾರು 450 ಸುತ್ತು. ಮನೆ ಶಾಲೆಯಿಂದ 5 ಕಿಲೋಮೀಟರು ದೂರವಿದ್ದರೆ ಹೋಗಿಬರಲು ದಿನಕ್ಕೆ 4,500 ಸುತ್ತು. 200 ಶಾಲಾದಿನಗಳಿಗೆ 9 ಲಕ್ಷ ಸುತ್ತು. ತಂತಿಯನ್ನು ಅತ್ತಿತ್ತ ಬಗ್ಗಿಸಿ ಬಗ್ಗಿಸಿ ಮುರಿಯುವುದು ನಿಮಗೆ ಗೊತ್ತು. ಲೋಹ ದಣಿಯುತ್ತದೆ. ಕಡ್ಡಿ ಹೆಚ್ಚಾಗಿ ಮುರಿಯುವುದು ಹಬ್ಬಿನ ಬಳಿ, ಬಾಗಿದ ಕುತ್ತಿಗೆಯಲ್ಲಿ. ಕಡ್ಡಿ ಬಿಗಿಯಾಗಿದ್ದಷ್ಟು ಕಾಲ ಹೆಚ್ಚು ಬಾಳುತ್ತದೆ, ಸಡಿಲವಾದದ್ದೇ ಬೇಗ ಮುರಿಯುತ್ತದೆ ಎಂಬುದು ವಿಚಿತ್ರವಾದರೂ ಸತ್ಯ.

ಪರೀಕ್ಷೆಯ ಕ್ರಮ

ಸೈಕಲ್ಲನ್ನು ತಲೆಕೆಳಗು ಮಾಡಿ, ಸೀಟು ಮತ್ತು ಹ್ಯಾಂಡಲ್ಲಿನ ಕೆಳಗೆ ಗೋಣಿಚೀಲ ಹಾಸಿ ನಿಲ್ಲಿಸಿ. ಗಾಲಿ ತಿರುಗುತ್ತಿರುವಾಗ ಕಡ್ಡಿಗಳ ನಡುವೆ ಬೆರಳು ಹೋಗದಂತೆ ಎಚ್ಚರವಿರಲಿ.

1. ತಿರುಗಿಸಿ ನೋಡುವುದು: ಸುಣ್ಣದ ಕಡ್ಡಿಯನ್ನು ಫೋರ್ಕಿಗೆ ಒತ್ತಿ ಹಿಡಿದು, ಅದರ ತುದಿ ರಿಮ್ಮಿನ ಪಕ್ಕಕ್ಕೆ ತಾಗಿಯೂ ತಾಗದಂತೆ ಇರಿಸಿ. ಗಾಲಿಯನ್ನು ನಿಧಾನವಾಗಿ ತಿರುಗಿಸಿ. ರಿಮ್ಮು ನೆಟ್ಟಗಿದ್ದರೆ ಸುತ್ತಲೂ ಒಂದೇ ತೆರನಾದ ಗೆರೆ ಬೀಳುತ್ತದೆ. ಒಂದೇ ಕಡೆ ಗೆರೆ ಬಿದ್ದರೆ ಅಲ್ಲಿ ರಿಮ್ಮು ಆ ಪಕ್ಕಕ್ಕೆ ವಾಲಿದೆ. ಸೈಕಲ್ ಅಂಗಡಿಯಲ್ಲಿ ಇದನ್ನೇ ‘ಬೆಂಡ್’ ಎನ್ನುತ್ತಾರೆ. ಒಂದು ಮಿಲಿಮೀಟರಿನ ಓಲಾಟ ಚೆನ್ನಾಗಿರುವ ಗಾಲಿಯ ಲಕ್ಷಣ. ಉಕ್ಕಿನ ರಿಮ್ಮಿನಲ್ಲಿ ಎರಡರವರೆಗೆ ನಡೆದೀತು. ಅದಕ್ಕೂ ಹೆಚ್ಚಾದರೆ ತೆಗೆಸಲೇಬೇಕು. ಬಳಿಕ ಸುಣ್ಣದ ಕಡ್ಡಿಯನ್ನು ರಿಮ್ಮಿನ ಅಂಚಿಗೆ ಹಿಡಿದು ಗಾಲಿ ಏರಿಳಿಯುತ್ತದೆಯೇ ನೋಡಿ.

ಇಲ್ಲಿ ಒಂದು ಭೇದ ತಿಳಿದಿರಲಿ. ಸರಳುಗಳಿಂದ ಎಳೆಯುವ ಹಳೆಯ ಮಾದರಿಯ ಬ್ರೇಕಿನಲ್ಲಿ ರಬ್ಬರು ರಿಮ್ಮಿನ ಒಳಮೈಗೆ, ಹಬ್ಬಿನ ಕಡೆಯಿಂದ ಒತ್ತುತ್ತದೆ. ಆದ್ದರಿಂದ ಅಲ್ಲಿ ಏರಿಳಿತವೇ ಹೆಚ್ಚು ಬಾಧಕ. ವಾಯರಿನ ಬ್ರೇಕಿನಲ್ಲಿ ರಬ್ಬರು ರಿಮ್ಮಿನ ಎರಡು ಪಕ್ಕಗಳನ್ನು ಹಿಡಿಯುತ್ತದೆ. ಅಲ್ಲಿ ಪಕ್ಕದ ಓಲಾಟ ಹೆಚ್ಚು ಬಾಧಕ.

2. ನಡುವೆ ಇದೆಯೇ: ಕುಂಬಾರನ ತಿಗರಿಯ ನಟ್ಟನಡುವೆ ಮಣ್ಣಿನ ಮುದ್ದೆ ಕುಳಿತರೆ ಮಾತ್ರ ಗಡಿಗೆ ನೆಟ್ಟಗೆ ಬರುತ್ತದೆ. ಗಾಲಿಯೂ ಫೋರ್ಕಿನ ನಟ್ಟನಡುವೆ ನಿಲ್ಲಬೇಕು. ರಿಮ್ಮಿಗೂ ಫೋರ್ಕಿನ ಎರಡು ಕಾಲುಗಳಿಗೂ ಇರುವ ಅಂತರವನ್ನು ಅಳೆಯಿರಿ. ವ್ಯತ್ಯಾಸ ಕಂಡರೆ ಮುಂದಿನ ಗಾಲಿಯನ್ನು ಬಿಚ್ಚಿ, ಎಡಬಲ ತಿರುವಿ ಹಾಕಿ ಮತ್ತೆ ಅಳೆಯಿರಿ. ಈಗ ಗಾಲಿ ಇನ್ನೊಂದು ಪಕ್ಕಕ್ಕೆ ವಾಲಿದರೆ ತಪ್ಪು ಗಾಲಿಯದು. ಮೊದಲಿನ ಪಕ್ಕಕ್ಕೇ ವಾಲಿದರೆ ತಪ್ಪು ಫೋರ್ಕಿನದು. ಯಾವುದೇ ಉಪಕರಣವಿಲ್ಲದೆ ತಪ್ಪು ಎಲ್ಲಿದೆ ಎಂಬುದನ್ನು ಹೀಗೆ ಬೇರ್ಪಡಿಸಬಹುದು.

3. ಮೀಟಿ ಕೇಳುವುದು: ರಿಮ್ಮಿಗೂ, ಕಡ್ಡಿ ಇನ್ನೊಂದನ್ನು ದಾಟುವ ಜಾಗಕ್ಕೂ ನಡುವೆ ಪ್ರತಿ ಕಡ್ಡಿಯನ್ನು ಉಗುರಿನಿಂದ ಮೀಟಿ. ತಂಬೂರಿಯ ತಂತಿ ಬಿಗಿದಷ್ಟೂ ಸ್ವರ ಏರುವಂತೆ ಇಲ್ಲಿಯೂ. ತಂತಿಯ ಕಂಪನಸಂಖ್ಯೆ ಅದರ ಎಳೆತದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಆದ್ದರಿಂದ ಕಂಪನಸಂಖ್ಯೆ ನೂರಕ್ಕೆ ಹತ್ತರಷ್ಟು ತಗ್ಗಿದರೆ ಬಿಗಿ ನೂರಕ್ಕೆ ಹತ್ತೊಂಬತ್ತರಷ್ಟು ತಗ್ಗಿದೆ ಎಂದರ್ಥ. ಒಂದು ಕಡ್ಡಿಯ ಸ್ವರ ಪೂರ್ತಿ ಒಂದು ಸ್ಥಾಯಿ ಕೆಳಗಿದ್ದರೆ ಅದರ ಬಿಗಿ ಇರಬೇಕಾದದ್ದರ ಕಾಲುಭಾಗ ಮಾತ್ರ. ಸ್ವರವೇ ಬಾರದೆ ‘ಟಪ್’ ಎಂದರೆ ಕಡ್ಡಿ ಸಡಿಲ. ಅಂಥದಕ್ಕೆ ಸುಣ್ಣದ ಗುರುತು ಹಾಕಿ.

ಒಂದೇ ಗಾಲಿಯ ಒಂದೇ ಪಕ್ಕದ ಕಡ್ಡಿಗಳನ್ನು ಮಾತ್ರ ಪರಸ್ಪರ ಹೋಲಿಸಬೇಕು. ಹಿಂದಿನ ಗಾಲಿಯಲ್ಲಿ ಫ್ರೀವೀಲ್ ಜಾಗ ತೆಗೆದುಕೊಳ್ಳುವುದರಿಂದ ಆ ಪಕ್ಕದ ಕಡ್ಡಿಗಳನ್ನು ಹೆಚ್ಚು ಬಿಗಿದಿರುತ್ತಾರೆ. ಗೇರ್ ಸೈಕಲ್ಲಿನಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ಅದು ದೋಷವಲ್ಲ.

4. ಕೈಯಿಂದ ಹಿಸುಕುವುದು: ಬಟ್ಟೆ ಸುತ್ತಿದ ಕೈಯಲ್ಲಿ ಒಂದೇ ಪಕ್ಕದ, ಹೆಚ್ಚುಕಡಿಮೆ ಸಮಾನಾಂತರವಾಗಿರುವ ಎರಡೆರಡು ಕಡ್ಡಿಗಳನ್ನು ಸೇರಿಸಿ ಬಲವಾಗಿ ಹಿಸುಕಿ, ಬಿಡಿ. ಹೀಗೆ ಗಾಲಿಯ ಸುತ್ತಲೂ, ಎರಡೂ ಪಕ್ಕ ಮಾಡಿ. ಕಡ್ಡಿಗಳು ತಮ್ಮ ತಮ್ಮ ಜಾಗದಲ್ಲಿ ಒಗ್ಗಿ ಕೂರುತ್ತವೆ. ರಸ್ತೆಯ ಮೇಲೆ ಆಗಬೇಕಾದ ಹೊಂದಾಣಿಕೆಯ ದೊಡ್ಡ ಪಾಲು ಅಂಗಳದಲ್ಲೇ ಆಗಿಹೋಗುತ್ತದೆ. ನಂತರ ಗಾಲಿಯನ್ನು ಮತ್ತೊಮ್ಮೆ ತಿರುಗಿಸಿ ನೋಡಬೇಕು.

5. ಹಬ್ಬು: ರಿಮ್ಮನ್ನು ಹಿಡಿದು ಎಡಕ್ಕೂ ಬಲಕ್ಕೂ ಅಲುಗಾಡಿಸಿ. ‘ಕಟಕಟ’ ಎಂದರೆ ಕೋನು ಸಡಿಲವಾಗಿದೆ. ಈಗ ಗಾಲಿಯನ್ನು ಮೆಲ್ಲಗೆ ತಳ್ಳಿ ಬಿಡಿ. ಅದು ನಿಧಾನವಾಗಿ ನಿಲ್ಲುತ್ತಾ, ಕೊನೆಗೆ ಭಾರವಿರುವ ಭಾಗವನ್ನು ಕೆಳಗೆ ತಂದುಕೊಂಡು ಎರಡು ಮೂರು ಸಲ ತೂಗಾಡಿ ನಿಂತರೆ ಬಹಳ ಒಳ್ಳೆಯದು. ಥಟ್ಟನೆ ನಿಂತರೆ, ಇಲ್ಲವೇ ತಿರುಗುವಾಗ ಮರಳು ಅರೆದಂತೆ ಕೈಗೆ ತಿಳಿದರೆ ಕೋನು ಅತಿ ಬಿಗಿ, ಅಥವಾ ಒಳಗೆ ಗ್ರೀಸಿಲ್ಲ. ದೊಡ್ಡ ಸೈಕಲ್ಲಿನ ಮುಂದಿನ ಹಬ್ಬಿನಲ್ಲಿ ಪಕ್ಕಕ್ಕೆ ಹತ್ತು, ಹಿಂದಿನದರಲ್ಲಿ ಪಕ್ಕಕ್ಕೆ ಒಂಬತ್ತು ಗುಂಡುಗಳಿರುವುದು ಸಾಮಾನ್ಯ. ಒಣಗಿದ ಹಬ್ಬಿನಲ್ಲಿ ಈ ಗುಂಡುಗಳು ಕೋನನ್ನೇ ತಿಂದುಹಾಕುತ್ತವೆ.

6. ಅಚ್ಚಿನ ನಟ್ಟುಗಳು: ಪರೀಕ್ಷೆಗಳಲ್ಲಿ ಅತಿ ಸುಲಭವಾದದ್ದು ಇದು, ಅತಿ ಮುಖ್ಯವಾದದ್ದೂ ಇದೇ. ಮುಂದಿನ ಫೋರ್ಕಿನ ಸೀಳು ಕೆಳಮುಖವಾಗಿ ತೆರೆದಿರುತ್ತದೆ. ನಟ್ಟು ಸಡಿಲವಾಗಿದ್ದು, ಹಂಪಿನ ಮೇಲೆ ಮುಂಭಾಗ ಎದ್ದರೆ ಗಾಲಿ ಕಳಚಿ ಬೀಳಬಹುದು. ವಾಷರು ಇದೆಯೇ ನೋಡಿ ಎರಡೂ ಕಡೆ ಪಾನಾ ಹಾಕಿ ಬಿಗಿ ಮಾಡಿ. ಹಿಂದಿನ ನಟ್ಟು ಸಡಿಲವಾದರೆ ಚೈನು ಬಲಪಕ್ಕವನ್ನು ಮುಂದಕ್ಕೆ ಎಳೆದು ಗಾಲಿಯನ್ನು ಓರೆ ಮಾಡುತ್ತದೆ. ಚೈನಿನ ನಡುವೆ ಬೆರಳಿನಿಂದ ಎತ್ತಿದರೆ ಒಂದರಿಂದ ಎರಡು ಸೆಂಟಿಮೀಟರು ಆಡಬೇಕು. ಹೆಚ್ಚು ಬಿಗಿಯೂ ಬೇಡ, ಜೋಲುವುದೂ ಬೇಡ.

7. ಟೈರು ಮತ್ತು ಟ್ಯೂಬು: ಟೈರಿನ ಪಕ್ಕದಲ್ಲಿ ರಿಮ್ಮಿಗೆ ಹತ್ತಿರವಾಗಿ ಅಚ್ಚಾದ ಸಣ್ಣ ಗೆರೆಯೊಂದಿರುತ್ತದೆ. ಅದು ಸುತ್ತಲೂ ರಿಮ್ಮಿನಿಂದ ಸಮದೂರದಲ್ಲಿರಬೇಕು. ಒಂದೆಡೆ ಮುಳುಗಿ ಇನ್ನೊಂದೆಡೆ ಎದ್ದಿದ್ದರೆ ಟೈರು ಸರಿಯಾಗಿ ಕುಳಿತಿಲ್ಲ. ಗಾಳಿ ತೆಗೆದು, ಕೈಯಿಂದ ಕೂರಿಸಿ, ಮತ್ತೆ ಹೊಡೆಯಿರಿ. ವಾಲು ರಿಮ್ಮಿನಿಂದ ನೇರವಾಗಿ ಹೊರಬಂದಿರಲಿ. ಓರೆಯಾಗಿದ್ದರೆ ಟ್ಯೂಬು ಒಳಗೆ ಎಳೆದುಕೊಂಡಿದೆ, ಅಲ್ಲಿಯೇ ಹರಿಯುತ್ತದೆ. ಮೊದಲ ವಾರದಲ್ಲೇ ಕಾರಣವಿಲ್ಲದೆ ಪಂಕ್ಚರ್ ಆದರೆ ಮುಳ್ಳನ್ನು ಹುಡುಕುವುದರ ಜೊತೆಗೆ ರಿಮ್ಮಿನ ಒಳಗೂ ನೋಡಿ. ನಿಪ್ಪಲಿನ ತಲೆಯಿಂದ ಕಡ್ಡಿಯ ತುದಿ ಹೊರಚಾಚಿ, ಅದನ್ನು ಮುಚ್ಚಬೇಕಾದ ರಿಮ್ ಟೇಪು ಸರಿದಿರಬಹುದು. ಎಷ್ಟು ಗಾಳಿ ಎಂಬುದನ್ನು ಟೈರಿನ ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ. ಗಾಳಿ ಕಡಿಮೆಯಾದರೆ ಪ್ರತಿ ಗುಂಡಿಯ ಪೆಟ್ಟೂ ನೇರವಾಗಿ ರಿಮ್ಮಿಗೇ ಬೀಳುತ್ತದೆ.

8. ಬ್ರೇಕು: ಗಾಲಿಯ ಪರೀಕ್ಷೆ ಮುಗಿಯುವುದು ಬ್ರೇಕಿನಲ್ಲಿ. ರಬ್ಬರು ರಿಮ್ಮಿಗೆ ಪೂರ್ತಿಯಾಗಿ ಒತ್ತಬೇಕು, ಟೈರಿಗೆ ತಾಗಬಾರದು. ಹೊಳೆಯುವ ಉಕ್ಕಿನ ರಿಮ್ಮು ಒದ್ದೆಯಾದಾಗ ಬ್ರೇಕಿನ ಹಿಡಿತ ಬಹಳ ಕಡಿಮೆಯಾಗುತ್ತದೆ. ಮಲೆನಾಡಿನ ಅಂಚಿನ ಊರುಗಳ ಮಳೆಗಾಲದಲ್ಲಿ ಇದನ್ನು ಮರೆಯುವಂತಿಲ್ಲ. ಮಳೆಯಲ್ಲಿ ಇಳಿಜಾರು ಬರುವುದಕ್ಕೆ ಬಹಳ ಮೊದಲೇ ಮೆಲ್ಲಗೆ ಬ್ರೇಕು ಹಿಡಿದು ರಿಮ್ಮಿನ ನೀರನ್ನು ಒರೆಸಿಕೊಳ್ಳಬೇಕು.

ನೀವೇ ಸರಿಪಡಿಸುವುದಾದರೆ

ನಿಪ್ಪಲ್ ತಿರುಗಿಸುವ ಸಣ್ಣ ಚಾವಿ ಸೈಕಲ್ ಅಂಗಡಿಯಲ್ಲಿ ಸಿಗುತ್ತದೆ. ರಿಮ್ಮು ಎಡಕ್ಕೆ ವಾಲಿದ ಜಾಗದಲ್ಲಿ, ಬಲಪಕ್ಕದಿಂದ ಬಂದ ಕಡ್ಡಿಯನ್ನು ಬಿಗಿ ಮಾಡಬೇಕು, ಎಡಪಕ್ಕದ ಕಡ್ಡಿಯನ್ನು ಅಷ್ಟೇ ಸಡಿಲಿಸಬೇಕು. ಟೈರಿನ ಕಡೆಯಿಂದ ನೋಡಿದಂತೆ ಪ್ರದಕ್ಷಿಣೆಯಾಗಿ ತಿರುಗಿಸಿದರೆ ಬಿಗಿ, ಅಪ್ರದಕ್ಷಿಣೆಯಾಗಿ ತಿರುಗಿಸಿದರೆ ಸಡಿಲ. ಒಂದು ಸಲಕ್ಕೆ ಕಾಲು ಸುತ್ತು ಸಾಕು. ನಿಪ್ಪಲಿನ ಮರೆಯಲ್ಲಿ ಇಂಚಿಗೆ 56 ಸುತ್ತುಗಳಿರುವುದರಿಂದ ಒಂದು ಪೂರ್ತಿ ಸುತ್ತೆಂದರೆ 0.45 ಮಿಲಿಮೀಟರು. ಕಡ್ಡಿಯ ಒಟ್ಟು ಹಿಗ್ಗುವಿಕೆಯೇ 0.3 ಎಂಬುದನ್ನು ನೆನೆದರೆ, ಪೂರ್ತಿ ಸುತ್ತು ತಿರುಗಿಸುವುದು ಎಂಥ ದುಡುಕು ಎಂಬುದು ತಿಳಿಯುತ್ತದೆ. ಬೇಕಾದದ್ದಕ್ಕಿಂತ ತುಸು ಮುಂದಕ್ಕೆ ತಿರುಗಿಸಿ, ಅಷ್ಟನ್ನೇ ಹಿಂದಕ್ಕೆ ತಂದರೆ ಕಡ್ಡಿಯ ಹುರಿಯೂ ಬಿಡುತ್ತದೆ.

ಮೂರು ನಾಲ್ಕು ಕಡ್ಡಿಗಳ ಕೆಲಸವಾದರೆ ನೀವೇ ಮಾಡಬಹುದು. ಗಾಲಿಯ ತುಂಬ ಸಡಿಲ ಕಡ್ಡಿಗಳಿದ್ದರೆ ಅನುಭವಸ್ಥರ ಕೈಗೆ ಕೊಡುವುದೇ ಜಾಣತನ. ಅಲ್ಲಿಯೂ ಸುಮ್ಮನೆ ‘ನೋಡಿ ಕೊಡಿ’ ಎನ್ನದೆ, ಸುಣ್ಣದ ಗುರುತುಗಳನ್ನು ತೋರಿಸಿ ‘ಇಲ್ಲಿ ಬೆಂಡ್ ಇದೆ, ಈ ಕಡ್ಡಿ ಸಡಿಲ ಇದೆ’ ಎಂದು ಹೇಳಿ. ಪಕ್ಕದಲ್ಲಿ ನಿಂತು ಅವರು ಹೇಗೆ ಮಾಡುತ್ತಾರೆಂದು ಗಮನಿಸಿ. ಇಂಥ ಕೆಲಸ ಪರದೆಯ ಮೇಲೆ ನೋಡಿ ಪೂರ್ತಿ ಬರುವಂಥದಲ್ಲ. ನಮ್ಮ ದೂರದರ್ಶನದ ಚಿತ್ರ ಸೆಕೆಂಡಿಗೆ 25 ಚೌಕಟ್ಟುಗಳಾಗಿ ಬರುತ್ತದೆ. ಎರಡು ಚೌಕಟ್ಟುಗಳ ನಡುವೆ ಗಾಲಿ ಸರಿಯಾಗಿ ಒಂದು ಕಡ್ಡಿಯ ಅಂತರದಷ್ಟು ತಿರುಗಿದರೆ, ಓಡುವ ಗಾಲಿಯೂ ನಿಂತಂತೆ ಕಾಣುತ್ತದೆ! ಕಣ್ಣು ಮೋಸಹೋಗುವ ಕಡೆ ಬೆರಳು ಮತ್ತು ಕಿವಿ ನಿಜ ಹೇಳುತ್ತವೆ.

ಏರಿದ ನಂತರ

ಮೊದಲ ದಿನ ಕ್ಯಾರಿಯರಿನ ಮೇಲೆ ಯಾರನ್ನೂ ಕೂರಿಸದೆ, ವಾಹನಗಳಿಲ್ಲದ ದಾರಿಯಲ್ಲಿ ಒಂದೆರಡು ಕಿಲೋಮೀಟರು ಹೋಗಿ ಬನ್ನಿ. ‘ಟಿಣ್’ ಸದ್ದು ಮೊದಲ ಸವಾರಿಯಲ್ಲೇ ನಿಂತುಹೋಗಬೇಕು. ಬಂದೊಡನೆ ಅಚ್ಚಿನ ನಟ್ಟುಗಳಿಗೆ ಮತ್ತೊಮ್ಮೆ ಪಾನಾ ಹಾಕಿ.

ಮುಂದಿನ ಪರೀಕ್ಷೆ ಸುಮಾರು 50 ಕಿಲೋಮೀಟರಿನ ನಂತರ. ದಿನಕ್ಕೆ 10 ಕಿಲೋಮೀಟರು ಶಾಲೆಗೆ ಹೋಗಿಬರುವವರಿಗೆ ಅದು ಮೊದಲ ವಾರದ ಕೊನೆ, ಅಂದರೆ ಭಾನುವಾರ. ಆ ದಿನ ಎಲ್ಲ ಕಡ್ಡಿಗಳನ್ನೂ ಮತ್ತೆ ಮೀಟಿ ಕೇಳಿ, ಸುಣ್ಣದ ಕಡ್ಡಿಯಿಂದ ನೋಡಿ, ಹಬ್ಬನ್ನು ಅಲುಗಾಡಿಸಿ. ಹೊಸ ಗಾಲಿಗೆ ಇದು ಅತಿ ಮುಖ್ಯವಾದ ಪರೀಕ್ಷೆ. ಬಹಳ ಮಂದಿ ಮರೆಯುವುದೂ ಇದನ್ನೇ. ಬಳಿಕ ಒಂದು ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ನೋಡಿದರೆ ಸಾಕು. ಒಮ್ಮೆ ಚೆನ್ನಾಗಿ ಒಗ್ಗಿದ ಗಾಲಿ ಬೇಗ ಬಿಗಿ ಕಳೆದುಕೊಳ್ಳುವುದಿಲ್ಲ. ಮಳೆಗಾಲಕ್ಕೆ ಮುನ್ನ ಪ್ರತಿ ನಿಪ್ಪಲಿಗೆ ಒಂದು ಹನಿ ಎಣ್ಣೆ ಬಿಟ್ಟರೆ ಅದು ತುಕ್ಕು ಹಿಡಿದು ಅಂಟಿಕೊಳ್ಳುವುದಿಲ್ಲ. ಎಣ್ಣೆ ಬ್ರೇಕು ತಾಗುವ ಜಾಗಕ್ಕೆ ಹರಿಯದಂತೆ ಕೂಡಲೇ ಒರೆಸಬೇಕು.

ದಾರಿಯಲ್ಲಿ ಕಡ್ಡಿ ಮುರಿದರೆ ಇಳಿದು ಬಿಡಿ. ಮುರಿದ ತುಂಡನ್ನು ಪಕ್ಕದ ಕಡ್ಡಿಗೆ ಸುತ್ತಿ ಕಟ್ಟಿ. ಇಲ್ಲದಿದ್ದರೆ ಅದು ಚೈನಿಗೋ ಫೋರ್ಕಿಗೋ ಸಿಕ್ಕಿ ಗಾಲಿಯನ್ನು ಥಟ್ಟನೆ ನಿಲ್ಲಿಸಬಹುದು. ಸೈಕಲ್ಲನ್ನು ತಳ್ಳಿಕೊಂಡು ನಡೆಯಿರಿ. ಅದೇ ಅಳತೆಯ ಹೊಸ ಕಡ್ಡಿಯನ್ನು ಅಂದೇ ಹಾಕಿಸಿ. ಒಂದು ಮುರಿದರೆ ಅದರ ಪಾಲಿನ ಕೆಲಸ ನೆರೆಯ ಕಡ್ಡಿಗಳ ಮೇಲೆ ಬೀಳುತ್ತದೆ, ಕೆಲವೇ ದಿನಗಳಲ್ಲಿ ಅವೂ ಮುರಿಯುತ್ತವೆ. ಕೊನೆಗೊಂದು ದಿನ ಗುಂಡಿಗೆ ಬಿದ್ದ ಗಾಲಿ ಬಿಸಿಲಿಗಿಟ್ಟ ಹಪ್ಪಳದಂತೆ ಸೊಟ್ಟಗಾಗುತ್ತದೆ.

ಇನ್ನೊಂದು ಎಚ್ಚರಿಕೆ. ಕ್ಯಾರಿಯರಿನ ಮೇಲೆ ಕುಳಿತ ಚಿಕ್ಕ ಮಕ್ಕಳ ಕಾಲು ಹಿಂದಿನ ಗಾಲಿಯ ಕಡ್ಡಿಗಳಿಗೆ ಸಿಕ್ಕಿ ಆಗುವ ಗಾಯ ನಮ್ಮಲ್ಲಿ ಸಾಮಾನ್ಯವಾಗಿಬಿಟ್ಟಿದೆ. ಗಾಲಿಯ ಪಕ್ಕಕ್ಕೆ ಗಾರ್ಡು ಹಾಕಿಸಿ, ಕಾಲಿಡಲು ಜಾಗ ಮಾಡಿಸಿದ ಮೇಲೆಯೇ ತಮ್ಮನನ್ನಾಗಲಿ ತಂಗಿಯನ್ನಾಗಲಿ ಕೂರಿಸಿ. ಓಢಣಿ, ಲಂಗ, ಚೀಲದ ದಾರ ಇವುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ನೆನಪಿಡಬೇಕಾದದ್ದು

ಏರುವ ಮುನ್ನ: ಸುಣ್ಣದ ಕಡ್ಡಿಯಿಂದ ಓಲಾಟ ನೋಡಿ, ಗಾಲಿ ನಡುವೆ ಇದೆಯೇ ಅಳೆಯಿರಿ, ಕಡ್ಡಿ ಮೀಟಿ, ಜೋಡಿಜೋಡಿಯಾಗಿ ಹಿಸುಕಿ, ಹಬ್ಬು ಅಲುಗಾಡಿಸಿ, ನಟ್ಟು ಬಿಗಿ ಮಾಡಿ, ಟೈರು, ವಾಲು, ಬ್ರೇಕು ಪರಿಶೀಲಿಸಿ.

ಮೊದಲ ಸವಾರಿಯ ನಂತರ: ಅಚ್ಚಿನ ನಟ್ಟುಗಳು.

50 ಕಿಲೋಮೀಟರಿನ ನಂತರ: ಎಲ್ಲವೂ ಮತ್ತೊಮ್ಮೆ.

ತಿಂಗಳಿಗೊಮ್ಮೆ, ಬಳಿಕ ಮೂರು ತಿಂಗಳಿಗೊಮ್ಮೆ: ಕಡ್ಡಿಗಳ ಸ್ವರ ಮತ್ತು ಹಬ್ಬು.

ಶಾಲೆಯಲ್ಲಿ ಹತ್ತು ಜನರ ಬಳಿ ಸೈಕಲ್ ಇದ್ದರೆ ತಿಂಗಳಿಗೊಂದು ಶನಿವಾರ ಎಲ್ಲರೂ ಸೇರಿ ಈ ಪರೀಕ್ಷೆ ಮಾಡಬಹುದು. ಹತ್ತು ಮಂದಿಗೆ ಒಂದು ಪಾನಾ, ಒಂದು ನಿಪ್ಪಲ್ ಚಾವಿ ಸಾಕು. ಎಂಟನೆಯ ತರಗತಿಯವರಿಗೆ ಹತ್ತನೆಯ ತರಗತಿಯವರು ಹೇಳಿಕೊಡಲಿ. ಕಂಪನ, ಎಳೆತ, ಲೋಹದ ದಣಿವು ಎಂಬ ಮಾತುಗಳು ಪುಸ್ತಕದಿಂದ ಎದ್ದು ಬೆರಳ ತುದಿಗೆ ಬರುತ್ತವೆ. ಸೋಮವಾರ ಬೆಳಿಗ್ಗೆ ಎಲ್ಲ ಹತ್ತು ಸೈಕಲ್ಲುಗಳೂ ಶಾಲೆಗೆ ಬಂದಿರುತ್ತವೆ.